ಕಂಕುಳಲ್ಲಿ ಕೂಸು, ಮುಂದೆ ಕಲ್ಕತ್ತ

ಕಲ್ಕತ್ತ
14 ನವೆಂಬರ್ 2010

ಅವ್ವ,

ನಾನು, ಅಕ್ಷತ, ಕೂಸು ಹರ್ಷಿತ ಮೂವರೂ ನಿನ್ನೆ ಮಧ್ಯಾಹ್ನ ಬಂದು ಸೇರಿದೆವು. ಕಾಗದದ ಮೇಲೆ ಬರೆಯಬೇಕಾದ ದೊಡ್ಡ ದೊಡ್ಡ ಮರ್ಯಾದೆಯ ಮಾತುಗಳನ್ನು ಶಾಲೆಯಲ್ಲಿ ಕಲಿಸಿದ್ದರು, ಮರೆತಿದ್ದೇನೆ. ನಿನ್ನ ಕಾಲಿಗೆ ಬಿದ್ದೆ ಎಂದುಕೋ. ತಮ್ಮ ಹರಿಗೆ ಫೋನು ಮಾಡಿದ್ದೆ. ಅವನು ಹತ್ತು ಮಾತು ಕೇಳಿಸಿಕೊಂಡು ನಿನ್ನ ಕಿವಿಯಲ್ಲಿ ಎರಡು ಕೂಗುತ್ತಾನೆ, ಅದರಲ್ಲಿ ನಿನಗೆ ಒಂದು ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಏಳನೇ ಕ್ಲಾಸು ಓದಿದ ನಿನ್ನ ಕಣ್ಣಾದರೂ ಇನ್ನೂ ಚೆನ್ನಾಗಿದೆಯಲ್ಲ.

ರೈಲಿನಲ್ಲಿ ಮಗು ಒಂದೂವರೆ ದಿನ ಯಾರಿಗೂ ತೊಂದರೆ ಕೊಡಲಿಲ್ಲ. ಎದುರು ಸೀಟಿನವರ ಕನ್ನಡಕ ಕಿತ್ತುಕೊಂಡಿದ್ದೊಂದು ಬಿಟ್ಟರೆ. ಲಾಡ್ಜಿನ ರೂಮು ಸಣ್ಣದು, ಆದರೆ ಕಿಟಕಿಯಿಂದ ಟ್ರಾಮು ಕಾಣುತ್ತದೆ. ರಸ್ತೆಯ ನಡುವೆಯೇ ಹಳಿ, ಅದರ ಮೇಲೆ ಎರಡು ಡಬ್ಬಿ. ಹದಿನಾಲ್ಕು ಕುರಿ ಹೊಡೆದುಕೊಂಡು ಹೋಗುವವನು ಅದಕ್ಕಿಂತ ಬೇಗ ಮುಟ್ಟುತ್ತಾನೆ. ಇಲ್ಲಿಯ ಡ್ರೈವರುಗಳು ಹಾರ್ನು ಒತ್ತಿದ ಮೇಲೆಯೇ ಬ್ರೇಕು ಎಲ್ಲಿದೆ ಎಂದು ಹುಡುಕುವುದು.

ನನ್ನ ಟ್ರೇನಿಂಗು ನಾಳೆಯಿಂದ. ಹೇಳಿದ್ದೆನಲ್ಲ, ನಿಂತಿರುವ ವಿಮಾನವನ್ನು ಹಿಂದಕ್ಕೆ ತಳ್ಳುವ ಗಾಡಿ ಓಡಿಸುವುದನ್ನು ಕಲಿಸುತ್ತಾರೆ. ಐದು ವಾರ. ಬೆಳಿಗ್ಗೆ ಎಂಟಕ್ಕೆ ಹೋದರೆ ಬರುವುದು ಸಂಜೆ ಆರಕ್ಕೆ. ಅಷ್ಟು ಹೊತ್ತು ಅಕ್ಷತ ನಾಲ್ಕು ಗೋಡೆ ನೋಡುತ್ತ ಏಕೆ ಕೂರಬೇಕು, ಮಗುವನ್ನು ಎತ್ತಿಕೊಂಡು ಊರು ನೋಡಲಿ ಎಂದಿದ್ದೇನೆ. ನೋಡಲು ಬೇಕಾದಷ್ಟಿದೆ. ನೀನು ಕೊಟ್ಟ ರಾಗಿ ಸರಿ ಹಿಟ್ಟಿನ ಡಬ್ಬ ಒಡೆಯದೆ ಬಂದಿದೆ.

ನಿನ್ನ ಮಗ,
ಮುನಿಕೃಷ್ಣ


ಕಲ್ಕತ್ತ
17 ನವೆಂಬರ್ 2010
(ಅಂಚೆಗೆ ಹಾಕದ್ದು)

ಅವ್ವ,

ಭಾನುವಾರ ಬರೆದದ್ದರಲ್ಲಿ ರೈಲು ನಿಜ, ಲಾಡ್ಜು ನಿಜ, ಟ್ರಾಮು ನಿಜ. ಟ್ರೇನಿಂಗೂ ನಿಜವೇ. ಆದರೆ ಅದು ನನ್ನದಲ್ಲ, ಅಕ್ಷತಳದು.

ನನ್ನ ವ್ಯಾನಿನ ಕೆಲಸ ಹೋಗಿ ಎರಡು ತಿಂಗಳಾಯಿತು. ಏರ್‌ಪೋರ್ಟಿನ ಸಿಬ್ಬಂದಿಯನ್ನು ಮನೆಯಿಂದ ಕರೆತಂದು ಬಿಡುವ ಕಂಟ್ರಾಕ್ಟು ನಮ್ಮ ಏಜೆನ್ಸಿಯ ಕೈತಪ್ಪಿ ಬೇರೆಯವರಿಗೆ ಹೋಯಿತು, ಅವರು ಅವರ ಡ್ರೈವರುಗಳನ್ನೇ ತಂದರು. ಅದೇ ವಾರ ಅಕ್ಷತಳಿಗೆ ಆರ್ಡರ್ ಬಂತು. ವಿಮಾನಕ್ಕೆ ಹಾಕುವ ಪಾರ್ಸಲುಗಳನ್ನು ಯಂತ್ರದೊಳಗೆ ಕಳಿಸಿ, ಒಳಗೇನಿದೆ ಎಂದು ಪರದೆಯ ಮೇಲೆ ನೋಡಿ ಬಿಡುವ ಕೆಲಸ. ಐದು ವಾರ ಕಲಿತು ಕೊನೆಯಲ್ಲಿ ಪರೀಕ್ಷೆ ಪಾಸಾದರೆ ದೇವನಹಳ್ಳಿಯಲ್ಲೇ ಕಾಯಂ. ಇದಿಲ್ಲದಿದ್ದರೆ ಸದ್ಯಕ್ಕೆ ನಮ್ಮ ಮನೆಯಲ್ಲಿ ಇನ್ನೇನೂ ಇಲ್ಲ.

ನಾಮಕರಣದ ದಿನ ನೀನು ಎಲೆ ಮುಂದೆ ಕೂತಿದ್ದ ನಂಟರೆಲ್ಲರ ಎದುರಿಗೆ ಆಡಿದ ಮಾತು ನನಗೆ ಅಕ್ಷರಕ್ಷರ ನೆನಪಿದೆ. "ಹಾಲು ಕುಡಿಯೋ ಕೂಸ್ನ ಬುಟ್ಟು ಕೆಲ್ಸಕ್ ಹೋಗೋಳು ನನ್ ಹೊಸ್ಲು ತುಳೀಬಾರ್ದು." ಅಕ್ಷತ ಅವತ್ತು ಊಟ ಮಾಡಲಿಲ್ಲ. ಈಗ ವಿಷಯ ಗೊತ್ತಾಗಿ ನೀನೊಂದು ಮಾತು ಆಡಿದರೆ ಅವಳು ನಾಳೆಯೇ ಪೆಟ್ಟಿಗೆ ಕಟ್ಟುತ್ತಾಳೆ. ಈಗಲೇ ಅರ್ಧ ಮನಸ್ಸಿನಲ್ಲಿದ್ದಾಳೆ. ಆದ್ದರಿಂದ ಪರೀಕ್ಷೆ ಮುಗಿಯುವವರೆಗೆ ವಿಮಾನ ತಳ್ಳುವುದು ನಾನು, ಊರು ನೋಡುವುದು ಅವಳು.

ಊರು ನೋಡುತ್ತಿರುವುದು ನಾನು. ಬೆಳಗಿನಿಂದ ಸಂಜೆಯವರೆಗೆ ಆ ರೂಮಿನಲ್ಲಿ ಮಗುವಿನ ಜೊತೆ ಕೂತರೆ ಇಬ್ಬರೂ ಅಳುತ್ತೇವೆ, ಅದಕ್ಕೆ ಹೊರಬೀಳುವುದು. ನಿನ್ನೆ ವಿಕ್ಟೋರಿಯಾ ಮೆಮೋರಿಯಲ್ ಎಂಬ ಬಿಳಿಯ ಅರಮನೆಯಂಥ ಕಟ್ಟಡಕ್ಕೆ ಹೋದೆವು. ಜಗತ್ತೆಲ್ಲ ಬಂದು ಅದನ್ನು ನೋಡುತ್ತದೆ, ಇವಳು ಅದಕ್ಕೆ ಬೆನ್ನು ಹಾಕಿ ಒಂದು ಕಾಗೆಯನ್ನು ನೋಡಿದಳು. ಕಾಗೆ ಹಾರಿಹೋದ ಮೇಲೆ ಅದು ಕೂತಿದ್ದ ಜಾಗವನ್ನು ನೋಡಿದಳು. ನಾನು ಮೂರು ದಿನದಿಂದ ಕನ್ನಡ ಮಾತಾಡಿರುವುದು ಇವಳ ಜೊತೆ ಮಾತ್ರ. ಸಂಜೆ ಅಕ್ಷತ ಬರುತ್ತಾಳೆ, ಹಾಲು ಕುಡಿಸುತ್ತ ಕುಡಿಸುತ್ತ ಕೂತಲ್ಲೇ ನಿದ್ದೆ ಹೋಗುತ್ತಾಳೆ.


ತ್ಯಾಮಗೊಂಡ್ಲು
22 ನವೆಂಬರ್ 2010

ಮುನಿಕೃಷ್ಣನಿಗೆ,

ಕಾಗದ ಶನಿವಾರ ಬಂತು. ಪೋಸ್ಟಿನ ಸಂಜೀವಪ್ಪ ಕೈಗೇ ಕೊಟ್ಟ. ಎರಡು ಸಲ ಓದಿದೆ. ಅಷ್ಟೊಂದು ತಮಾಷೆ ಬರೆಯುವ ಬದಲು ಕೂಸಿನ ವಿಷಯ ಬರೆಯಬಹುದಿತ್ತು. ನೆಗಡಿ ಆಗಿದೆಯೋ ಇಲ್ಲವೋ, ತಲೆಗೆ ಎಣ್ಣೆ ಹಾಕುತ್ತಾಳೋ ಇಲ್ಲವೋ, ಅದೊಂದೂ ಇಲ್ಲ.

ಡೈರಿಗೆ ಹಾಲು ಹಾಕಲು ಹೋದಾಗ ಸಾಲಿನಲ್ಲಿದ್ದವರಿಗೆಲ್ಲ ಹೇಳಿದೆ, ನನ್ನ ದೊಡ್ಡ ಮಗ ವಿಮಾನ ತಳ್ಳುವ ಗಾಡಿ ಕಲಿಯಲು ಹೋಗಿದ್ದಾನೆ ಎಂದು. ಪಾಪಕ್ಕ ಏನೋ ಅಂದಳು, ಎಲ್ಲರೂ ನಕ್ಕರು. ಏನಂದಳೋ ಕೇಳಿಸಲಿಲ್ಲ. ನಾನೂ ನಕ್ಕೆ. ಈಗೀಗ ನನ್ನದು ಹೀಗೇ ನಡೆದಿದೆ. ಮನೆಯಲ್ಲಿ ಹರಿ, ಹರಿಯ ಹೆಂಡತಿ ರಮ್ಯ ಇಬ್ಬರೂ ಮಾತಾಡುತ್ತಿರುತ್ತಾರೆ, ನಾನು ಅವರ ಬಾಯಿ ನೋಡುತ್ತ ಕೂತಿರುತ್ತೇನೆ. ಅವರು ಒಳ್ಳೆಯವರೇ. ಆದರೆ ಒಂದೇ ಮಾತನ್ನು ಮೂರು ಸಲ ಕೂಗಿ ಹೇಳು ಎಂದು ಯಾರನ್ನು ಎಷ್ಟು ದಿನ ಕೇಳುವುದು. ನಿನ್ನ ಕಾಗದ ಒಂದೇ ಸಲಕ್ಕೆ ಪೂರ್ತಿ ಕೇಳಿಸಿತು.

ನಿನ್ನ ಕೆಲಸ ಕಾಯಂ ಆಗುತ್ತದಲ್ಲ, ಇನ್ನು ಅಕ್ಷತ ಕೆಲಸ ಕೆಲಸ ಎನ್ನುವುದನ್ನು ಬಿಡಲಿ. ಕೂಸಿಗೆ ಮೂರು ತಿಂಗಳಿದ್ದಾಗಲೇ ಎಲ್ಲೋ ಅರ್ಜಿ ಹಾಕಿದ್ದಳಂತೆ, ರಮ್ಯ ಹೇಳಿದಳು. ನಾಮಕರಣದ ದಿನ ಅಷ್ಟು ಜನರ ಮುಂದೆ ಆಡಿದ್ದು ತಪ್ಪಿರಬಹುದು. ಮಾತು ತಪ್ಪಲ್ಲ.

ಸರಿಗೆ ಉಪ್ಪು ಹಾಕಬೇಡಿ.

ಮುನಿಗಂಗಮ್ಮ


ಕಲ್ಕತ್ತ
26 ನವೆಂಬರ್ 2010

ಅವ್ವ,

ನಿನ್ನ ಕಾಗದ ಇನ್ನೂ ಬಂದಿಲ್ಲ, ದಾರಿಯಲ್ಲಿರಬೇಕು. ಕಾಯುವಷ್ಟು ತಾಳ್ಮೆ ಇಲ್ಲದೆ ಬರೆಯುತ್ತಿದ್ದೇನೆ.

ಟ್ರೇನಿಂಗು ಚೆನ್ನಾಗಿ ನಡೆದಿದೆ. ವಿಮಾನ ಬಹಳ ದೊಡ್ಡದು. ಅದರ ವಿಷಯ ಬರೆದರೆ ನಿನಗೆ ಬೇಸರವಾಗುತ್ತದೆ, ಬಿಡು.

ಅಕ್ಷತ ಮಗುವನ್ನು ಎತ್ತಿಕೊಂಡು ಮೃಗಾಲಯಕ್ಕೆ ಹೋಗಿದ್ದಳು. ಹುಲಿ ಇವರ ಎದುರಿಗೇ ಬಂದು ನಿಂತಿತಂತೆ. ಹರ್ಷಿತ ಹುಲಿಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಪಕ್ಕದಲ್ಲಿದ್ದ ಇನ್ನೊಂದು ಮಗುವಿನ ಕೆಂಪು ಟೋಪಿಗೆ ಕೈ ಚಾಚಿದಳಂತೆ. ಮ್ಯೂಸಿಯಮ್ಮಿನಲ್ಲಿ ಸಾವಿರಾರು ವರ್ಷದ ಹಿಂದಿನ ಹೆಣವೊಂದನ್ನು ಬಟ್ಟೆ ಸುತ್ತಿ ಇಟ್ಟಿದ್ದಾರೆ. ಅಲ್ಲಿ ತಣ್ಣಗಿದ್ದದ್ದರಿಂದ ಅದರ ಮುಂದೆಯೇ ಇವಳಿಗೆ ಒಳ್ಳೆ ನಿದ್ದೆ ಬಂತಂತೆ. ಇವಳು ಎಡಗಡೆ ಹೆಗಲ ಮೇಲೆ ಹಾಕಿಕೊಂಡರೆ ಮಲಗುವುದಿಲ್ಲ, ಬಲಗಡೆಯೇ ಆಗಬೇಕು, ಬೆನ್ನಿಗಲ್ಲ, ಕುಂಡಿಗೆ ತಟ್ಟಬೇಕು. ಮಲಗಿದ ಮೇಲೂ ಕೂರುವಂತಿಲ್ಲ, ನಡೆಯುತ್ತಲೇ ಇರಬೇಕು. ನಿಂತರೆ ಕಣ್ಣು ಬಿಡುತ್ತಾಳೆ. ಕೆಳ ವಸಡಿನಲ್ಲಿ ಬೆರಳಿಟ್ಟರೆ ಚುರುಕ್ಕೆನ್ನುವ ಹಾಗೆ ಏನೋ ಎದ್ದಿದೆ, ಹಲ್ಲೇ ಇರಬೇಕು. ನೆಗಡಿ ಇಲ್ಲ.

ಒಂದು ಮಾತು, ಕೋಪ ಮಾಡಿಕೊಳ್ಳಬೇಡ. ನೀನು ಕೊಟ್ಟ ಸರಿ ಹಿಟ್ಟು ಈ ಸಲ ಸರಿಯಾಗಿ ಜರಡಿ ಆದಂತೆ ಕಾಣುವುದಿಲ್ಲ. ನೀರು ಚೆನ್ನಾಗಿ ಮರಳಿದ ಮೇಲೆಯೇ ಹಿಟ್ಟು ಸುರಿದು, ಉರಿ ಸಣ್ಣ ಮಾಡಿ, ಕೈ ಸೋಲುವ ಹಾಗೆ ತಿರುವಿದರೂ ಬರೀ ಗಂಟು. ಮಗು ಒಂದು ತುತ್ತು ಬಾಯಿಗೆ ಹಾಕಿಕೊಂಡು ಎರಡು ತುತ್ತು ಉಗುಳುತ್ತಾಳೆ. ಅಕ್ಷತಳಿಗೆ ಇದೇ ಯೋಚನೆಯಾಗಿದೆ. ಹಿಟ್ಟಿಗೆ ಏನಾದರೂ ಬೇರೆ ಕಾಳು ಸೇರಿದೆಯೇ?

ಮುನಿಕೃಷ್ಣ


ಕಲ್ಕತ್ತ
1 ಡಿಸೆಂಬರ್ 2010
(ಅಂಚೆಗೆ ಹಾಕದ್ದು)

ಅವ್ವ,

ಇವತ್ತು ಒಂದು ಕೆಟ್ಟ ಕೆಲಸ ಮಾಡಿದೆ. ಯಾರಿಗಾದರೂ ಹೇಳಬೇಕು.

ಇಲ್ಲಿ ನದಿ ದಾಟಲು ದೋಣಿಯಿದೆ, ಬಸ್ಸಿನ ಹಾಗೆ ಜನ ಹತ್ತಿ ಇಳಿಯುತ್ತಾರೆ. ನನಗೆ ಆಚೆ ದಡದಲ್ಲಿ ಏನೂ ಕೆಲಸವಿಲ್ಲ. ಹೋಗಿ ಬಂದರೆ ಒಂದು ಗಂಟೆ ಕಳೆಯುತ್ತದೆ ಎಂದು ದಿನವೂ ಹತ್ತುತ್ತೇನೆ. ಮಗು ಅಕ್ಷತಳ ಹಳೆಯ ಸೀರೆಯ ವಾಸನೆ ಇಲ್ಲದಿದ್ದರೆ ಸುಮ್ಮನಾಗುವುದಿಲ್ಲ, ಅದಕ್ಕೆ ಆ ಸೀರೆಯನ್ನೇ ಹೆಗಲಿಗೆ ಸುತ್ತಿ ಅದರೊಳಗೆ ಇವಳನ್ನು ಕಟ್ಟಿಕೊಂಡಿರುತ್ತೇನೆ. ಮೊದಲ ವಾರ ಜನ ನಗುತ್ತಾರೆ ಎಂದು ನಾಚಿಕೆಯಾಗುತ್ತಿತ್ತು. ಈಗ ಯಾರು ನಗುತ್ತಾರೆ ಎಂದು ನೋಡುವುದನ್ನೇ ಬಿಟ್ಟಿದ್ದೇನೆ.

ಇವತ್ತು ಪಕ್ಕದಲ್ಲಿ ನಿನ್ನ ವಯಸ್ಸಿನ ಒಬ್ಬಾಕೆ ಕೂತಿದ್ದಳು. ಹಿಂದಿಯಲ್ಲಿ ಕೂಸಿನ ತಾಯಿ ಎಲ್ಲಿ ಎಂದಳು. ಈ ಪ್ರಶ್ನೆ ದಿನಕ್ಕೆ ನಾಲ್ಕು ಸಲ ಬರುತ್ತದೆ. ಕೆಲಸಕ್ಕೆ ಹೋಗಿದ್ದಾಳೆ ಎಂದರೆ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, ಹಾಗಾದರೆ ನೀನೇನು ಮಾಡುತ್ತೀಯ ಎನ್ನುತ್ತಾರೆ. ನನ್ನ ಮುರುಕು ಹಿಂದಿಗೆ ಅಷ್ಟು ದೊಡ್ಡ ಉತ್ತರ ಬರುವುದಿಲ್ಲ. ಇವತ್ತು ಸುಮ್ಮನೆ ತಲೆ ಅಲ್ಲಾಡಿಸಿದೆ. ಆಕೆ ಸೀರೆಯನ್ನು ನೋಡಿದಳು, ನನ್ನನ್ನು ನೋಡಿದಳು, ಅವಳ ಕಣ್ಣಲ್ಲಿ ನೀರು ಬಂತು. ತಾಯಿ ಸತ್ತಿದ್ದಾಳೆ ಎಂದುಕೊಂಡಳು. ಇಲ್ಲ ಎನ್ನಲು ನನಗೆ ಬಾಯಿತ್ತು. ಅನ್ನಲಿಲ್ಲ. ಆಕೆ ಚೀಲದಿಂದ ಕಿತ್ತಳೆ ಹಣ್ಣು ತೆಗೆದು ಕೊಟ್ಟಳು, ಮಗುವಿನ ತಲೆ ಸವರಿದಳು, ನನ್ನ ತಲೆಯನ್ನೂ ಸವರಿದಳು. ಈ ಊರಿಗೆ ಬಂದ ಮೇಲೆ ನನ್ನನ್ನು ಯಾರಾದರೂ ಪ್ರೀತಿಯಿಂದ ಮುಟ್ಟಿದ್ದು ಅದೇ ಮೊದಲು. ಅದಕ್ಕಾಗಿ ಹೆಂಡತಿಯನ್ನು ಸಾಯಿಸಿದೆ.

ಸಂಜೆ ಅಕ್ಷತ ಬಂದಾಗ ಮುಖ ಕೊಟ್ಟು ಮಾತಾಡಲಾಗಲಿಲ್ಲ. ಅವಳು ಬಚ್ಚಲಿನಲ್ಲಿ ಎದೆಯ ಹಾಲು ಹಿಂಡಿ ಚೆಲ್ಲಿ ಬಂದಳು. ಮಧ್ಯಾಹ್ನವೇ ಕಟ್ಟಿಕೊಂಡು ಕಲ್ಲಾಗಿತ್ತಂತೆ. ಇವಳು ಆಗ ತಾನೇ ಸರಿ ತಿಂದು ಮಲಗಿದ್ದಳು. ನಾನು ಇನ್ನೊಂದು ಅರ್ಧ ಗಂಟೆ ತಡೆಯಬೇಕಿತ್ತು.


ತ್ಯಾಮಗೊಂಡ್ಲು
3 ಡಿಸೆಂಬರ್ 2010

ಮುನಿಕೃಷ್ಣನಿಗೆ,

ಹಿಟ್ಟಿಗೆ ಹೆಸರಿಡಬೇಡ. ರಾಗಿ ತೊಳೆದು, ನೆನೆಸಿ, ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಬೀಸಿಸಿಕೊಂಡು ಬಂದು ತೆಳ್ಳನೆ ಪಂಚೆಯ ಬಟ್ಟೆಯಲ್ಲಿ ಎರಡು ಸಲ ಗಾಳಿಸಿದ್ದೇನೆ. ಅದರಲ್ಲಿ ಬೇರೆ ಕಾಳಿಲ್ಲ.

ಮರಳುವ ನೀರಿಗೆ ಹಿಟ್ಟು ಸುರಿಯುವುದು ಮುದ್ದೆಗೆ. ಸರಿಗಲ್ಲ. ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕದಡಿ, ಆಮೇಲೆ ಒಲೆಯ ಮೇಲಿಟ್ಟು, ಕೈ ಬಿಡದೆ ತಿರುವಬೇಕು. ಬಣ್ಣ ತಿರುಗಿ ಮಿಂಚಬೇಕು. ಇಷ್ಟೇ.

ಅಕ್ಷತ ನಮ್ಮ ಮನೆಯಲ್ಲಿ ಒಂದು ತಿಂಗಳಿದ್ದಾಗ ದಿನ ಬೆಳಿಗ್ಗೆ ನನ್ನ ಕಣ್ಣ ಮುಂದೆಯೇ ತಣ್ಣೀರಲ್ಲಿ ಕದಡುತ್ತಿದ್ದಳು. ಒಂದು ದಿನವೂ ಒಂದು ಗಂಟು ಬಂದಿಲ್ಲ. ಅವಳ ಮೇಲೆ ನನಗೆ ನೂರು ಕೋಪವಿದೆ, ಇದೊಂದರಲ್ಲಿ ತಪ್ಪು ಹುಡುಕಲಾರೆ. ಸರಿಯನ್ನು ಮುದ್ದೆ ಮಾಡಿದಂತೆ ಮಾಡುವವರು ಯಾರು? ಮುದ್ದೆ ಬಿಟ್ಟು ಇನ್ನೇನೂ ಮಾಡಲು ಬಾರದವರು. ನಾನು ಹೊಲದಿಂದ ಬರುವುದು ತಡವಾದರೆ ಎಸರಿಟ್ಟು ಮುದ್ದೆ ತಿರುವಿ ಇಡುತ್ತಿದ್ದವನು ನಮ್ಮ ಮನೆಯಲ್ಲಿ ಒಬ್ಬನೇ ಇದ್ದ.

ಬಲಗಡೆ ಹೆಗಲೇ ಆಗಬೇಕು ಎಂದು ಬರೆದಿದ್ದೀಯ. ನಡೆಯುವುದು ನಿಂತರೆ ಕಣ್ಣು ಬಿಡುತ್ತಾಳೆ ಎಂದು ಬರೆದಿದ್ದೀಯ. ಬೆಳಿಗ್ಗೆ ಎಂಟಕ್ಕೆ ಹೋಗಿ ಸಂಜೆ ಆರಕ್ಕೆ ಬರುವ ಗಂಡಸಿಗೆ ಇದು ಗೊತ್ತಿರುವುದಿಲ್ಲ. ವಿಮಾನದ ಬಗ್ಗೆ ಒಂದೇ ಸಾಲು ಬರೆದಿದ್ದೀಯ.

ಕಿವಿ ಹೋಗಿದೆ, ಬುದ್ಧಿ ಹೋಗಿಲ್ಲ. ಆ ಸರಿ ತಿರುವುತ್ತಿರುವುದು ಯಾರು ಎಂದು ನೀನೇ ಬರೆ.

ಮುನಿಗಂಗಮ್ಮ


ಕಲ್ಕತ್ತ
5 ಡಿಸೆಂಬರ್ 2010

ಅವ್ವ,

ಇಪ್ಪತ್ತೆರಡನೇ ತಾರೀಖಿನ ನಿನ್ನ ಕಾಗದ ಹೋದ ವಾರವೇ ಬಂತು. ಪಾಪಕ್ಕನಿಗೆ ಹೇಳು, ನಾನು ಈಗ ವಿಮಾನವನ್ನು ಒಂದೇ ಕೈಯಲ್ಲಿ ತಿರುಗಿಸುತ್ತೇನೆ. ನಮ್ಮ ಬ್ಯಾಚಿನಲ್ಲಿ ನಾನೇ ಮುಂದು ಎಂದು ಮೇಷ್ಟರು ಹೇಳಿದ್ದಾರೆ.

ಇದರೊಳಗೆ ಒಂದು ಫೋಟೋ ಇಟ್ಟಿದ್ದೇನೆ. ಭಾನುವಾರ ರಜೆಯಾದ್ದರಿಂದ ನಾವು ಮೂವರೂ ವಿಕ್ಟೋರಿಯಾ ಮೆಮೋರಿಯಲ್ ಎಂಬ ಬಿಳಿ ಕಟ್ಟಡಕ್ಕೆ ಹೋಗಿದ್ದೆವು. ಮಗುವನ್ನು ನಾನು ಎತ್ತಿಕೊಂಡಿದ್ದೇನೆ, ಅಕ್ಷತ ತೆಗೆದಿದ್ದು, ಅದಕ್ಕೆ ಅವಳು ಅದರಲ್ಲಿಲ್ಲ. ಹಲ್ಲು ಕಾಣಿಸುತ್ತದೆಯೇ ನೋಡು.

ಇನ್ನೊಂದು ವಿಷಯ. ನಾವು ಬಂದ ಮೇಲೆ ನೀನು ದೇವನಹಳ್ಳಿಗೆ ಬಂದು ನಮ್ಮ ಜೊತೆಯೇ ಇದ್ದುಬಿಡಬಾರದೇ? ಅಕ್ಷತಳಿಗೆ ಬೆನ್ನುನೋವು, ಮಗುವನ್ನು ಎತ್ತಲು ಆಗುವುದಿಲ್ಲ. ಹರ್ಷಿತ ಇನ್ನೂ ಮಾತಾಡುವುದಿಲ್ಲ, ನಿನಗೆ ಕೇಳಿಸುವುದಿಲ್ಲ, ಇಬ್ಬರಿಗೂ ಹೊಂದುತ್ತದೆ. ತಮಾಷೆಗೆ ಹೇಳಿದೆ. ಆದರೆ ಬಾ.

ಮುನಿಕೃಷ್ಣ


ಕಲ್ಕತ್ತ
9 ಡಿಸೆಂಬರ್ 2010

ಅವ್ವ,

ನಿನ್ನ ಕಾಗದ ಇವತ್ತು ಬಂತು. ನಾನು ಐದನೇ ತಾರೀಖು ಕಳಿಸಿದ ಸುಳ್ಳು ಇಷ್ಟು ಹೊತ್ತಿಗೆ ನಿನ್ನ ಊರು ಸೇರುತ್ತಿರಬೇಕು. ಅದನ್ನು ಹಿಂದಕ್ಕೆ ಕರೆಸಿಕೊಳ್ಳುವ ಹಾಗಿದ್ದರೆ ಓಡಿ ಹೋಗಿ ಹಿಡಿಯುತ್ತಿದ್ದೆ. ಆ ಫೋಟೋ ತೆಗೆದದ್ದು ಅಲ್ಲಿ ಕೊರಳಿಗೆ ಕ್ಯಾಮೆರಾ ಹಾಕಿಕೊಂಡು ಓಡಾಡುವ ಒಬ್ಬ. ಭಾನುವಾರವಲ್ಲ, ಗುರುವಾರ. ಅಕ್ಷತ ಕ್ಲಾಸಿನಲ್ಲಿದ್ದಳು.

ಸರಿ ತಿರುವುತ್ತಿರುವುದು ನಾನೇ.

ಹದಿನೇಳನೇ ತಾರೀಖು ಬರೆದದ್ದು, ಒಂದನೇ ತಾರೀಖು ಬರೆದದ್ದು ಎರಡನ್ನೂ ಇದರ ಜೊತೆ ಇಟ್ಟಿದ್ದೇನೆ. ಓದು. ಕೆಲಸ ಹೋದದ್ದು, ಅವಳಿಗೆ ಕೆಲಸ ಸಿಕ್ಕಿದ್ದು, ದೋಣಿಯಲ್ಲಿ ನಾನು ಮಾಡಿದ್ದು, ಎಲ್ಲ ಅದರಲ್ಲಿದೆ. ಬಯ್ಯುವುದಿದ್ದರೆ ನನ್ನನ್ನು ಬಯ್ಯಿ. ಸುಳ್ಳು ಹೇಳೋಣ ಎಂದವನು ನಾನು, ಬೇಡ ಎಂದವಳು ಅವಳು.

ಪರೀಕ್ಷೆ ಹದಿನೇಳಕ್ಕೆ. ಅವಳು ಮೊನ್ನೆ ಪುಸ್ತಕ ಮುಚ್ಚಿಟ್ಟು, ನಾನು ಪಾಸಾದರೂ ಕಷ್ಟ, ಆಗದಿದ್ದರೂ ಕಷ್ಟ ಎಂದಳು. ಪಾಸಾದರೆ ನಿನ್ನ ಮನೆ ಬಾಗಿಲು ಮುಚ್ಚುತ್ತದೆ, ಆಗದಿದ್ದರೆ ಒಲೆ ಹಚ್ಚುವುದು ಹೇಗೆ ಎಂದು. ನಾನು ಆ ಪುಸ್ತಕ ತೆರೆದು ಮತ್ತೆ ಅವಳ ಮುಂದಿಟ್ಟೆ.

ನನಗೆ ಇನ್ನೊಂದು ಹೆದರಿಕೆಯಿದೆ, ಅದನ್ನೂ ಬರೆದುಬಿಡುತ್ತೇನೆ. ಅಪ್ಪ ನನ್ನನ್ನು ಒಂದು ದಿನ ಎತ್ತಿಕೊಂಡದ್ದು ನನಗೆ ನೆನಪಿಲ್ಲ. ಕೈಹಿಡಿದು ನಡೆಸಿದ್ದೂ ಇಲ್ಲ. ಜ್ವರ ಬಂದಾಗ ಬಾಗಿಲಲ್ಲಿ ನಿಂತು ನೋಡಿ ಕುರಿಯ ಹಿಂದೆ ಹೋಗುತ್ತಿದ್ದ. ಹರಿಯನ್ನೂ ಮುಟ್ಟುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಗಂಡಸು ಎಂದರೆ ಹಾಗೆ ಎಂದುಕೊಂಡು ಬೆಳೆದೆ. ಅಪ್ಪ ತೀರಿಹೋಗಿ ಆರು ವರ್ಷವಾಯಿತು. ಆದರೂ ಸೀರೆ ಸುತ್ತಿಕೊಂಡು ರಸ್ತೆಗಿಳಿದಾಗಲೆಲ್ಲ ಅವನು ಆ ಬಾಗಿಲಲ್ಲೇ ನಿಂತು ನನ್ನನ್ನು ನೋಡುತ್ತಿದ್ದಾನೆ ಎನ್ನಿಸುತ್ತದೆ. ದೊಡ್ಡಬೀರಪ್ಪನ ಮಗ ನೋಡು ಎಲ್ಲಿಗೆ ಬಂದ ಎಂದು.

ಅದಕ್ಕೇ ಕೇಳುತ್ತೇನೆ, ಈ ಸಲ ಸುಳ್ಳಿಲ್ಲ. ಅವಳು ಪಾಸಾದರೆ ನೀನು ಬಂದು ಮಗುವನ್ನು ನೋಡಿಕೋ. ಅಜ್ಜಿಯ ಕೈಯಲ್ಲಿ ಕೂಸಿದ್ದರೆ ಯಾರೂ ಮಾತಾಡುವುದಿಲ್ಲ. ನಾನು ಎಲ್ಲಾದರೂ ಗಾಡಿ ಹುಡುಕಿಕೊಳ್ಳುತ್ತೇನೆ, ಸಿಗದಿದ್ದರೂ ಬೆಳಿಗ್ಗೆ ಎದ್ದು ಹೊರಗೆ ಹೋಗುತ್ತೇನೆ. ಬರುವುದಿಲ್ಲ ಎಂದರೆ ಅಕ್ಷತ ಕೆಲಸಕ್ಕೆ ಸೇರುವುದಿಲ್ಲ, ಅದು ನನಗೆ ಗೊತ್ತು. ನೀನು ಹೂಂ ಎನ್ನಬೇಕು.

ತಣ್ಣೀರಲ್ಲಿ ಕದಡಿದ ಮೇಲೆ ಗಂಟು ಬರಲಿಲ್ಲ. ಇವತ್ತು ಬಟ್ಟಲು ಖಾಲಿ ಮಾಡಿದಳು.

ಮುನಿಕೃಷ್ಣ


ತ್ಯಾಮಗೊಂಡ್ಲು
14 ಡಿಸೆಂಬರ್ 2010

ಮುನಿ,

ಇದನ್ನು ಹರಿ ನೆಲಮಂಗಲಕ್ಕೆ ಹೋಗಿ ಸ್ಪೀಡ್ ಪೋಸ್ಟ್ ಮಾಡುತ್ತಾನೆ. ಪರೀಕ್ಷೆಗೆ ಮುಂಚೆ ಮುಟ್ಟಬೇಕು.

ಮೊದಲು ಅಕ್ಷತಳ ವಿಷಯ. ಎದೆ ಕಟ್ಟಿಕೊಂಡಾಗ ಬಿಸಿನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ ಇಟ್ಟುಕೊಳ್ಳಲಿ, ಆಮೇಲೆ ಕೂಸಿಗೆ ಕೊಡಲಿ. ಸಂಜೆ ಅವಳು ಬರುವ ಹೊತ್ತಿಗೆ ನೀನು ಸರಿ ತಿನ್ನಿಸಬೇಡ. ಹಸಿದಿರಲಿ. ಅವಳ ಮೇಲೆ ನನ್ನ ಕೋಪ ಪೂರ್ತಿ ಹೋಗಿಲ್ಲ, ಹೋಗುವುದಕ್ಕೆ ಹೊತ್ತು ಬೇಕು. ಆದರೆ ಹೊಸ್ತಿಲಿನ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಹಾಗೆಂದು ಅವಳಿಗೆ ಓದಿ ಹೇಳು. ಪರೀಕ್ಷೆ ಚೆನ್ನಾಗಿ ಬರೆಯಲಿ.

ಈಗ ನಿಮ್ಮಪ್ಪನ ವಿಷಯ. ಇದನ್ನು ನಾನು ಯಾರಿಗೂ ಹೇಳಿಲ್ಲ.

ನೀನು ಹುಟ್ಟಿದ ಮೇಲೆ ಆರನೇ ತಿಂಗಳಿಗೆ ನಾನು ಊರಾಚೆಯ ರೇಷ್ಮೆ ನೂಲು ತೆಗೆಯುವ ಕಾರ್ಖಾನೆಗೆ ಸೇರಿದೆ. ಹೌದು, ನಾನೇ. ಹಾಲು ಕುಡಿಯುವ ಕೂಸನ್ನು ಬಿಟ್ಟು. ಆ ವರ್ಷ ಕುರಿಗಳಿಗೆ ಕಾಯಿಲೆ ಬಂದು ಮಂದೆಯೇ ಕರಗಿತ್ತು. ದಿನವೆಲ್ಲ ಬಿಸಿನೀರಿನಲ್ಲಿ ಕೈಯಿಟ್ಟು ಗೂಡಿನಿಂದ ಎಳೆ ಎಳೆಯುವುದು. ಹುಳು ಬೆಂದ ವಾಸನೆ ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ, ನಾನು ಎತ್ತಿಕೊಂಡರೆ ನೀನು ಮುಖ ತಿರುಗಿಸುತ್ತಿದ್ದೆ. ನಿನ್ನನ್ನು ನೋಡಿಕೊಳ್ಳುತ್ತಿದ್ದವನು ನಿಮ್ಮಪ್ಪ. ಕಂಬಳಿಯನ್ನು ಜೋಳಿಗೆ ಕಟ್ಟಿ ಬೆನ್ನಿಗೆ ಹಾಕಿಕೊಂಡು, ಉಳಿದಿದ್ದ ನಾಲ್ಕು ಕುರಿ ಮೇಯಿಸಿಕೊಂಡು, ಕೆರೆ ಅಂಗಳ, ತೋಪು, ಹೆದ್ದಾರಿಯ ಬದಿ ಎಲ್ಲ ತಿರುಗುತ್ತಿದ್ದ. ಸಂಜೆ ಬಂದು ನನಗೆ ವರದಿ ಒಪ್ಪಿಸುವನು. ಇವತ್ತು ಲಾರಿ ನೋಡಿ ನಕ್ಕ, ಇವತ್ತು ಓತಿಕ್ಯಾತ ನೋಡಿ ಬೆರಳು ಮಾಡಿದ ಎಂದು. ಐದು ತಿಂಗಳು ಹೀಗೆ ನಡೆಯಿತು.

ಒಂದು ದಿನ ಬಾವಿಯ ಹತ್ತಿರ ರುಕ್ಮಿಣಮ್ಮ ಎಲ್ಲರಿಗೂ ಕೇಳುವಂತೆ, "ದೊಡ್ಡಬೀರಪ್ಪಂಗೆ ಮೊಲೆ ಬರಾದೊಂದ್ ಬಾಕಿ ಐತೆ" ಎಂದಳು. ಆಗ ನನಗೆ ಕಿವಿ ಚೆನ್ನಾಗಿ ಕೇಳಿಸುತ್ತಿತ್ತು. ನಿಮ್ಮಪ್ಪನಿಗೆ ಹೇಳಿದರೆ ಅವನು ನಕ್ಕ. ಅವನು ನಕ್ಕಿದ್ದೇ ನನಗೆ ಬೆಂಕಿಯಾಯಿತು. "ನಾಳೆಯಿಂದ ಕೂಸ್ನ ಮುಟ್ಬೇಡ, ನನ್ ಮಾನ ತೆಗೀಬೇಡ" ಎಂದೆ. ಅವನು "ಆಯ್ತು ಬುಡು" ಎಂದ. ಅಷ್ಟೇ.

ನಾನು ಕೆಲಸ ಬಿಟ್ಟೆ. ಅವನು ನಿನ್ನನ್ನು ಮುಟ್ಟುವುದು ಬಿಟ್ಟ. ಹೇಳಿದ ಮಾತನ್ನು ಅಷ್ಟು ನೆಟ್ಟಗೆ ನಡೆಸುವ ಮನುಷ್ಯ ಎಂದು ನನಗೆ ಗೊತ್ತಿರಲಿಲ್ಲ. ಸಂಜೆ ಅವನು ಬರುವ ಹೊತ್ತಿಗೆ ನೀನು ನನ್ನ ಸೊಂಟದಿಂದ ಅವನ ಕಡೆಗೆ ಎರಡೂ ಕೈ ಚಾಚಿ ಕಿರುಚುತ್ತಿದ್ದೆ. ಅವನು ನೋಡದವನಂತೆ ನಮ್ಮ ಪಕ್ಕದಲ್ಲೇ ಹಾದು ದೊಡ್ಡಿಗೆ ಹೋಗಿ ಕುರಿ ಕೂಡುತ್ತಿದ್ದ. ಎತ್ತಿಕೋ ಎಂದು ಒಂದು ಮಾತು ನಾನು ಅನ್ನಬಹುದಿತ್ತು. ನಾಳೆ ಅಂದರಾಯಿತು, ನಾಳಿದ್ದು ಅಂದರಾಯಿತು ಎಂದು ಜಂಬದಲ್ಲಿ ಸುಮ್ಮನಿದ್ದೆ. ಎರಡು ತಿಂಗಳಾದ ಮೇಲೆ ನೀನು ಕೈ ಚಾಚುವುದನ್ನು ಬಿಟ್ಟೆ. ಆಮೇಲೆ ಹೇಳಿಯೂ ಪ್ರಯೋಜನವಿರಲಿಲ್ಲ. ಹರಿ ಹುಟ್ಟಿದಾಗ ಅವನು ತಾನಾಗಿಯೇ ದೂರ ನಿಂತ.

ಜ್ವರ ಬಂದಾಗ ಬಾಗಿಲಲ್ಲಿ ನಿಂತಿರುತ್ತಿದ್ದ ಎಂದೆಯಲ್ಲ. ಒಳಗೆ ಬಾ ಎಂದು ನಾನು ಕರೆಯಲಿ ಎಂದು ನಿಂತಿರುತ್ತಿದ್ದ. ನನಗೆ ಗೊತ್ತಿತ್ತು.

ನಾಮಕರಣದ ದಿನ ಅಕ್ಷತಳನ್ನು ಅಂದದ್ದು ಅದಕ್ಕೇ ಇರಬೇಕು. ನಾನು ಬಿಟ್ಟದ್ದನ್ನು ಅವಳು ಬಿಡದೆ ಹೋದರೆ, ನಾನು ಬಿಟ್ಟದ್ದು ಯಾವ ಪುರುಷಾರ್ಥಕ್ಕೆ ಎಂದಾಗುತ್ತದೆ.

ನೀನು ಹೂಂ ಎನ್ನು ಎಂದಿದ್ದೀಯ. ಆಗುವುದಿಲ್ಲ. ನನಗೆ ಬರಲು ಎಷ್ಟು ಆಸೆಯಿದೆ ಎಂದು ಬರೆದರೆ ಈ ಕಾಗದ ಸಾಲುವುದಿಲ್ಲ. ಆದರೆ ನಾನು ಬಂದರೆ ಕೂಸು ನನ್ನ ಕೈಗೆ ಬರುತ್ತದೆ, ನೀನು ಬಾಗಿಲಲ್ಲಿ ನಿಲ್ಲುತ್ತೀಯ, ಜನಕ್ಕೆ ಸಮಾಧಾನವಾಗುತ್ತದೆ. ಒಬ್ಬನಿಗೆ ಹಾಗೆ ಮಾಡಿದ್ದು ಸಾಕು. ಸಂಕ್ರಾಂತಿಗೆ ಬಂದು ಎರಡು ದಿನ ಇರುತ್ತೇನೆ. ಕೆಲಸ ಸಿಗುವವರೆಗೆ ಕೂಸನ್ನು ನೀನೇ ನೋಡಿಕೋ, ಸಿಕ್ಕಿದ ಮೇಲೆ ಗಂಡ ಹೆಂಡತಿ ಪಾಳಿ ಹೊಂದಿಸಿಕೊಳ್ಳಿ. ಅಕ್ಷತ ಕೆಲಸಕ್ಕೆ ಸೇರಲಿ.

ಡೈರಿಯ ಸಾಲಿನಲ್ಲಿ ನಾನೇ ಹೇಳಿದೆ. ಮಗನ ಕೆಲಸ ಹೋಗಿದೆ, ಟ್ರೇನಿಂಗು ಸೊಸೆಯದು, ಮಗ ಕೂಸು ನೋಡಿಕೊಳ್ಳುತ್ತಿದ್ದಾನೆ ಎಂದು. ವಿಮಾನದ ಸುಳ್ಳು ಹೇಳಿದ ಬಾಯಲ್ಲೇ ಹೇಳಿದೆ. ಏನೋ ಅಂದರು, ನಕ್ಕರು. ಈ ಸಲ ನಾನು ನಗಲಿಲ್ಲ. ಕ್ಯಾನು ಇಟ್ಟು, ಹಾಲು ಅಳೆಸಿ ಬಂದೆ.

ಅವ್ವ


ರೈಲಿನಲ್ಲಿ, ವಿಶಾಖಪಟ್ಟಣ ದಾಟಿದ ಮೇಲೆ
20 ಡಿಸೆಂಬರ್ 2010

ಅವ್ವ,

ನಿನ್ನ ಸ್ಪೀಡ್ ಪೋಸ್ಟ್ ಪರೀಕ್ಷೆಯ ದಿನ ಬೆಳಿಗ್ಗೆ ಬಂತು. ಅಕ್ಷತಳಿಗೆ ಅವಳ ಭಾಗ ಮಾತ್ರ ಓದಿ ಹೇಳಿದೆ. ಅವಳು ಕಾಗದ ಕಿತ್ತುಕೊಂಡು ಹೊಸ್ತಿಲಿನ ಸಾಲನ್ನು ತಾನೇ ಇನ್ನೊಮ್ಮೆ ಓದಿ, ಮಡಿಚಿ ಕೈಗೆ ಕೊಟ್ಟು ಹೋದಳು. ಪಾಸಾಗಿದ್ದಾಳೆ. ಮೂರನೇ ತಾರೀಖಿನಿಂದ ಡ್ಯೂಟಿ. ಈಗ ಎದುರು ಸೀಟಿನಲ್ಲಿ ಮಲಗಿದ್ದಾಳೆ, ಐದು ವಾರದ ನಿದ್ದೆ ಬಾಕಿಯಿದೆ.

ಉಳಿದದ್ದನ್ನು ನಾನು ದೋಣಿಯಲ್ಲಿ ಕೂತು ಓದಿದೆ. ಆಚೆ ದಡ, ಈಚೆ ದಡ ಮೂರು ಸಲ ಹೋಗಿ ಬಂದೆ. ನಿನ್ನ ಮೇಲೆ ಬಂದ ಸಿಟ್ಟನ್ನು ಮುಚ್ಚಿಡುವುದಿಲ್ಲ. ಅಪ್ಪನ ಹೆಣ ಅಂಗಳದಲ್ಲಿದ್ದಾಗಲಾದರೂ ಹೇಳಬಹುದಿತ್ತು. ಅವತ್ತು ನನಗೆ ಅಳು ಬರಲಿಲ್ಲ, ನೆನಪಿದೆಯಾ? ಮಗನಾಗಿ ಅಳುವುದಿಲ್ಲವಲ್ಲ ಎಂದು ನಂಟರು ಅಂದುಕೊಂಡರು. ದೋಣಿಯಲ್ಲಿ ಅತ್ತೆ. ಮಗು ನನ್ನ ಮೂಗು ಹಿಡಿದುಕೊಂಡು ನೋಡುತ್ತಿದ್ದಳು. ಅಲ್ಲಿದ್ದ ಜನ ಈ ಸಲವೂ ತಾಯಿ ಸತ್ತಿದ್ದಾಳೆ ಎಂದುಕೊಂಡಿರಬೇಕು. ಒಬ್ಬ ಮುದುಕ ಕೇಳಿದ. ನನ್ನ ತಂದೆ ತೀರಿಕೊಂಡರು ಎಂದೆ. ಯಾವಾಗ ಎಂದ. ಈಗ ಎಂದೆ.

ನೀನು ಬರದಿರುವುದೇ ಸರಿ. ಕೇಳಿದಾಗ ನೀನು ಹೂಂ ಎಂದಿದ್ದರೆ ನಾನು ಇವಳನ್ನು ನಿನ್ನ ಮಡಿಲಲ್ಲಿ ಹಾಕಿ ಓಡಿಬಿಡುತ್ತಿದ್ದೆ. ಕೆಲಸ ಸಿಗುತ್ತದೋ ಇಲ್ಲವೋ ಗೊತ್ತಿಲ್ಲ. ಊರಿನಲ್ಲಿ ನಗುವವರು ಇಲ್ಲಿಯವರಂತೆ ಅರ್ಥವಾಗದ ಭಾಷೆಯಲ್ಲಿ ನಗುವುದಿಲ್ಲ, ಅದೂ ಗೊತ್ತು. ಹೆದರಿಕೆ ಹೋಗಿಲ್ಲ. ಆದರೂ ಇವಳನ್ನು ಇಳಿಸುವುದಿಲ್ಲ.

ಅಪ್ಪನ ಬೆನ್ನ ಮೇಲಿದ್ದದ್ದನ್ನು ನೆನಪಿಸಿಕೊಳ್ಳಲು ಮೂರು ದಿನದಿಂದ ಪ್ರಯತ್ನಿಸುತ್ತಿದ್ದೇನೆ. ಒಂದೂ ಬರುತ್ತಿಲ್ಲ. ಐದು ತಿಂಗಳು ಹೊತ್ತು ತಿರುಗಿದನಲ್ಲ, ಒಂದು ಕ್ಷಣವಾದರೂ ನನ್ನೊಳಗೆ ಉಳಿಯಬಾರದಿತ್ತೇ? ಆ ವಯಸ್ಸಿನ ಕೂಸಿಗೆ ಏನು ಉಳಿಯುತ್ತದೆ. ಇವಳಿಗೂ ಅಷ್ಟೇ. ಮೃಗಾಲಯ, ನದಿ, ನಾನು ಇವಳಿಗೆ ಹೇಳಿದ ಸಾವಿರ ಮಾತು, ಯಾವುದೂ ಇರುವುದಿಲ್ಲ. ನಾಳೆ ನಾನೇ ಹೇಳಿದರೆ ಅಪ್ಪ ಬಡಾಯಿ ಕೊಚ್ಚಿಕೊಳ್ಳುತ್ತಾನೆ ಎನ್ನುತ್ತಾಳೆ.

ಸಂಕ್ರಾಂತಿಗೆ ಬರುತ್ತೀಯಲ್ಲ, ಬಂದಾಗ ಇವಳನ್ನು ಎದುರಿಗೆ ಕೂರಿಸಿಕೊಂಡು ಇದನ್ನೆಲ್ಲ ನೀನು ಹೇಳು. ಅರ್ಥವಾಗದಿದ್ದರೂ ಹೇಳು, ಬಂದಾಗಲೆಲ್ಲ ಹೇಳು. ಅವಳಿಗೂ ನನ್ನಂತೆ ಮೂವತ್ತು ವರ್ಷವಾಗುವವರೆಗೆ ಕಾಯಬೇಡ.

ಮುನಿಕೃಷ್ಣ